ವಾಹನ ಸಂಚಾರ, ವಾಯುಮಾಲಿನ್ಯ ಮತ್ತು ದುಡಿಯುವವರ ಆರೋಗ್ಯ: ಚಿಕ್ಕೋಡಿ ಭಾಗದ ಐದು ತಾಲೂಕುಗಳ ಒಂದು ಅವಲೋಕನ

ವ್ಯಾಪಾರ ಬೆಳೆದಂತೆ ರಸ್ತೆಯ ಮೇಲಿನ ವಾಹನಗಳೂ ಬೆಳೆಯುತ್ತವೆ. ಸರಕು ಚಲಿಸದೆ ಸಂಪತ್ತು ಹುಟ್ಟದು ಎಂಬುದು ವ್ಯಾಪಾರಸ್ಥರಿಗೆ ಹೇಳಿಕೊಡಬೇಕಾದ ಪಾಠವಲ್ಲ. ಆದರೆ ಸರಕಿನೊಡನೆ ಹೊಗೆ ಮತ್ತು ಧೂಳು ಕೂಡ ಊರೊಳಗೆ ಬರುತ್ತವೆ. ಇವುಗಳಿಗೆ ಬಿಲ್ಲು ಇಲ್ಲ, ತೂಕದ ಚೀಟಿ ಇಲ್ಲ. ಆದುದರಿಂದಲೇ ಇವುಗಳ ಬೆಲೆಯನ್ನು ಯಾರು ತೆರುತ್ತಿದ್ದಾರೆ ಎಂಬ ಪ್ರಶ್ನೆ ಸಾಮಾನ್ಯವಾಗಿ ಏಳುವುದಿಲ್ಲ. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳನ್ನು ಗಮನಿಸಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಈ ಬೆಲೆಯನ್ನು ಪುರುಷರೂ ಸ್ತ್ರೀಯರೂ ಇಬ್ಬರೂ ತೆರುತ್ತಿದ್ದಾರೆ. ಆದರೆ ಬೇರೆ ಬೇರೆ ಸ್ಥಳಗಳಲ್ಲಿ, ಬೇರೆ ಬೇರೆ ರೀತಿಯಲ್ಲಿ. ಪುರುಷನ ಹೊಗೆ ರಸ್ತೆಯ ಮೇಲಿದೆ; ಸ್ತ್ರೀಯ ಹೊಗೆ ಮತ್ತು ಧೂಳು ಬಹುಪಾಲು ನಾಲ್ಕು ಗೋಡೆಗಳ ಒಳಗಿವೆ. ಮೊದಲನೆಯದು ಕಣ್ಣಿಗೆ ಬೀಳುತ್ತದೆ. ಎರಡನೆಯದು ಲೆಕ್ಕಕ್ಕೇ ಬರುವುದಿಲ್ಲ.

ಸಂಚಾರದ ಸ್ವರೂಪ

ಪುಣೆ-ಬೆಂಗಳೂರು ರಾಷ್ಟ್ರೀಯ ಹೆದ್ದಾರಿಯು ಕರ್ನಾಟಕವನ್ನು ಪ್ರವೇಶಿಸುವುದು ನಿಪ್ಪಾಣಿ ತಾಲೂಕಿನಲ್ಲಿ. ಹಿಂದೆ 4ನೆಯ ಸಂಖ್ಯೆಯಿಂದ ಪರಿಚಿತವಾಗಿದ್ದ ಈ ಹೆದ್ದಾರಿಗೆ ಈಗ 48ನೆಯ ಸಂಖ್ಯೆ. ಗಡಿಯ ಸಮೀಪದಲ್ಲಿ ಕೊಗನೊಳಿಯ ಟೋಲ್ ನಾಕೆ ಇದೆ. ನಿಪ್ಪಾಣಿ ದಾಟಿದರೆ ಸ್ತವನಿಧಿಯ ಘಟ್ಟವಿದೆ. ಭಾರ ಹೊತ್ತ ಲಾರಿಯು ಏರು ಹತ್ತುವಾಗಲೂ, ನಿಂತು ಮತ್ತೆ ಹೊರಡುವಾಗಲೂ ಸಮತಟ್ಟಾದ ರಸ್ತೆಯಲ್ಲಿ ಓಡುವುದಕ್ಕಿಂತ ಹೆಚ್ಚು ಇಂಧನ ಸುಡುತ್ತದೆ, ಹೆಚ್ಚು ಹೊಗೆ ಬಿಡುತ್ತದೆ. 2021ರ ಫೆಬ್ರವರಿಯಿಂದ ಫಾಸ್ಟ್ಯಾಗ್ ಕಡ್ಡಾಯವಾದ ಮೇಲೆ ನಾಕೆಗಳಲ್ಲಿ ಕಾಯುವ ಅವಧಿ ಕಡಿಮೆಯಾದುದು ವ್ಯಾಪಾರಕ್ಕೂ ಆರೋಗ್ಯಕ್ಕೂ ಏಕಕಾಲಕ್ಕೆ ಆದ ಲಾಭವೆನ್ನಬಹುದು.

ಪೂರ್ವಕ್ಕೆ ಸರಿದಂತೆ ಚಿತ್ರ ಬದಲಾಗುತ್ತದೆ. ಚಿಕ್ಕೋಡಿ ಮತ್ತು ಅಥಣಿಗಳ ಮೂಲಕ ವಿಜಯಪುರದತ್ತ ಸಾಗುವ ಮಾರ್ಗ, ಕಾಗವಾಡದಿಂದ ಮಿರಜ-ಸಾಂಗಲಿಗಳಿಗೆ ಹೋಗುವ ಅಂತರರಾಜ್ಯ ಮಾರ್ಗ, ರಾಯಬಾಗ-ಕುಡಚಿಗಳ ಒಳರಸ್ತೆಗಳು ಇವೆಲ್ಲವೂ ಕಬ್ಬಿನ ರಸ್ತೆಗಳು. ಉಗಾರ ಖುರ್ದದಲ್ಲಿ 1939ರಲ್ಲಿ ಸ್ಥಾಪನೆಯಾದ ಸಕ್ಕರೆ ಕಾರ್ಖಾನೆಯಿಂದ ಮೊದಲ್ಗೊಂಡು, ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ನೀರನ್ನು ಆಶ್ರಯಿಸಿ ಅನೇಕ ಸಹಕಾರಿ ಹಾಗೂ ಖಾಸಗಿ ಕಾರ್ಖಾನೆಗಳು ಈ ಭಾಗದಲ್ಲಿ ತಲೆಯೆತ್ತಿವೆ. ನವೆಂಬರ್ ತಿಂಗಳ ಹೊತ್ತಿಗೆ ಹಂಗಾಮು ಆರಂಭವಾಯಿತೆಂದರೆ ಎರಡೆರಡು ಟ್ರಾಲಿ ಎಳೆಯುವ ಟ್ರ್ಯಾಕ್ಟರುಗಳು ಹಗಲಿರುಳೆನ್ನದೆ ಸಾಲುಗಟ್ಟುತ್ತವೆ. ಕಟಾವಿನ ನಂತರ ಹೊಲದಲ್ಲಿ ಉಳಿದ ರವದಿಗೆ ಬೆಂಕಿ ಹಚ್ಚುವುದೂ, ಆಲೆಮನೆಗಳ ಒಲೆ ಉರಿಯುವುದೂ ಇದೇ ತಿಂಗಳುಗಳಲ್ಲಿ. ಚಳಿಗಾಲದ ರಾತ್ರಿ ಮತ್ತು ಮುಂಜಾವಿನಲ್ಲಿ ನೆಲದ ಸಮೀಪದ ತಣ್ಣನೆಯ ಗಾಳಿ ಮೇಲೇರದೆ ನಿಲ್ಲುವುದರಿಂದ ಹೊಗೆ ಚದುರದೆ ಊರಿನ ಮೇಲೆಯೇ ಕವಿದುಕೊಳ್ಳುತ್ತದೆ.

ಇಲ್ಲಿ ಒಂದು ತಾಂತ್ರಿಕ ಸಂಗತಿಯನ್ನು ಗಮನಿಸಬೇಕು. 2020ರ ಏಪ್ರಿಲ್ 1ರಿಂದ ದೇಶಾದ್ಯಂತ ಭಾರತ್ ಸ್ಟೇಜ್ 6 ಮಾನದಂಡ ಜಾರಿಯಾಗಿ, ಡೀಸೆಲ್‌ನಲ್ಲಿನ ಗಂಧಕದ ಪ್ರಮಾಣ ಹತ್ತು ಲಕ್ಷಕ್ಕೆ 50 ಭಾಗದಿಂದ 10 ಭಾಗಕ್ಕೆ ಇಳಿಯಿತು. ಹೊಸ ಲಾರಿ, ಬಸ್ಸು, ಕಾರುಗಳು ಮೊದಲಿಗಿಂತ ಬಹಳಷ್ಟು ಶುದ್ಧವಾದವು. ಆದರೆ ಟ್ರ್ಯಾಕ್ಟರುಗಳಿಗೆ ಈ ಮಾನದಂಡ ಅನ್ವಯಿಸುವುದಿಲ್ಲ. ಅವುಗಳ ನಿಯಮವೇ ಬೇರೆ. 2023ರ ಜನವರಿ 1ರಿಂದ ಜಾರಿಗೆ ಬಂದ ಕಠಿಣ ಮಾನದಂಡವು 50 ಅಶ್ವಶಕ್ತಿ ಮೀರಿದ ಟ್ರ್ಯಾಕ್ಟರುಗಳಿಗೆ ಮಾತ್ರ ಸಂಬಂಧಿಸಿದ್ದು, ಅದಕ್ಕಿಂತ ಕಡಿಮೆ ಶಕ್ತಿಯವು ಆಗ ಹಳೆಯ ಮಾನದಂಡದಲ್ಲಿಯೇ ಉಳಿದವು. ದೊಡ್ಡ ನಗರದ ರಸ್ತೆಯ ಗಾಳಿಯನ್ನು ಸುಧಾರಿಸಿದ ಕ್ರಮವು ಕಬ್ಬಿನ ರಸ್ತೆಯ ಗಾಳಿಯನ್ನು ಅಷ್ಟಾಗಿ ಮುಟ್ಟದಿರಲು ಇದೇ ಕಾರಣ.

ಹೊಗೆಯಲ್ಲಿ ಇರುವುದೇನು?

ಹೊಗೆ ಎಂದರೆ ಕೆಮ್ಮು, ಧೂಳು ಎಂದರೆ ಸೀನು ಎಂಬುದು ಸಾಮಾನ್ಯ ತಿಳಿವಳಿಕೆ. ವಾಸ್ತವ ಸ್ಥಿತಿ ಇದಕ್ಕಿಂತ ಗಂಭೀರವಾಗಿದೆ. ಮೂಗಿನಲ್ಲಿ ಸಿಕ್ಕಿಕೊಳ್ಳುವ ದಪ್ಪ ಧೂಳಿಗಿಂತ ಅಪಾಯಕಾರಿಯಾದುದು 2.5 ಮೈಕ್ರಾನ್‌ಗಿಂತ ಚಿಕ್ಕದಾದ ಸೂಕ್ಷ್ಮ ಕಣ. ತಲೆಗೂದಲಿನ ದಪ್ಪದ ಸುಮಾರು ಮೂವತ್ತನೆಯ ಒಂದು ಭಾಗದಷ್ಟಿರುವ ಈ ಕಣ ಶ್ವಾಸಕೋಶದ ಅತ್ಯಂತ ಒಳಗಿನ ಗಾಳಿಚೀಲಗಳನ್ನು ತಲುಪುತ್ತದೆ. ಅದರಲ್ಲಿಯೂ ಅತಿಸೂಕ್ಷ್ಮವಾದವು ರಕ್ತಕ್ಕೆ ಸೇರುತ್ತವೆ. ಆದುದರಿಂದ ಇದು ಶ್ವಾಸಕೋಶದ ರೋಗ ಮಾತ್ರವಲ್ಲ, ಹೃದಯದ ಮತ್ತು ಮೆದುಳಿನ ರೋಗವೂ ಹೌದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಹೊರಾಂಗಣ ವಾಯುಮಾಲಿನ್ಯದಿಂದ ಜಗತ್ತಿನಲ್ಲಿ 42 ಲಕ್ಷ ಅಕಾಲಿಕ ಮರಣಗಳು ಸಂಭವಿಸಿದವು. ಅವುಗಳಲ್ಲಿ ಶೇಕಡ 68ರಷ್ಟು ಹೃದ್ರೋಗ ಮತ್ತು ಪಾರ್ಶ್ವವಾಯುವಿನಿಂದ ಆದವು. ಅಂಗಡಿಯಲ್ಲಿ ಕುಳಿತಲ್ಲಿಯೇ ಎದೆನೋವು ಕಾಣಿಸಿಕೊಂಡ ಐವತ್ತರ ವ್ಯಾಪಾರಿಯ ವಿಷಯದಲ್ಲಿ ಸಕ್ಕರೆ, ಉಪ್ಪು, ಚಿಂತೆಗಳನ್ನು ಎಲ್ಲರೂ ಹೆಸರಿಸುತ್ತಾರೆ. ಎದುರಿನ ರಸ್ತೆಯನ್ನು ಯಾರೂ ಹೆಸರಿಸುವುದಿಲ್ಲ.

ಸೂಕ್ಷ್ಮ ಕಣಗಳಿಗೆ ಭಾರತವು 2009ರಲ್ಲಿ ನಿಗದಿಪಡಿಸಿದ ವಾರ್ಷಿಕ ಮಿತಿ ಘನಮೀಟರ್ ಗಾಳಿಗೆ 40 ಮೈಕ್ರೊಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ್ದು ಕೇವಲ 5. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2012ರಲ್ಲಿ ಡೀಸೆಲ್ ಹೊಗೆಯನ್ನೂ 2013ರಲ್ಲಿ ಹೊರಾಂಗಣ ವಾಯುಮಾಲಿನ್ಯವನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಪದಾರ್ಥಗಳ ಮೊದಲ ವರ್ಗಕ್ಕೆ ಸೇರಿಸಿತು. ತಂಬಾಕಿನ ಹೊಗೆ ಇರುವುದೂ ಅದೇ ವರ್ಗದಲ್ಲಿ.

ಪುರುಷರ ಮೇಲಿನ ಪರಿಣಾಮ

ರಸ್ತೆಯನ್ನು ಆಶ್ರಯಿಸಿದ ಉದ್ಯೋಗಗಳಲ್ಲಿ ಇರುವವರು ಬಹುತೇಕ ಪುರುಷರು. ಲಾರಿ ಮತ್ತು ಟ್ರ್ಯಾಕ್ಟರ್ ಚಾಲಕರು, ಕ್ಲೀನರುಗಳು, ಗ್ಯಾರೇಜ್ ಕೆಲಸಗಾರರು, ಪೆಟ್ರೋಲ್ ಬಂಕಿನವರು, ಸಂಚಾರ ಪೊಲೀಸರು, ಮಾರುಕಟ್ಟೆ ಅಂಗಳದ ಹಮಾಲರು ಇವರೆಲ್ಲರೂ ದಿನದ ಎಂಟು ಹತ್ತು ಗಂಟೆಗಳನ್ನು ಹೊಗೆಯ ಪಕ್ಕದಲ್ಲಿಯೇ ಕಳೆಯುತ್ತಾರೆ.

ಇಲ್ಲಿ ಪರಿಶ್ರಮದ ಪಾತ್ರವೂ ಇದೆ. ಸುಮ್ಮನೆ ಕುಳಿತ ವ್ಯಕ್ತಿ ನಿಮಿಷಕ್ಕೆ ಸುಮಾರು 6ರಿಂದ 8 ಲೀಟರ್ ಗಾಳಿ ಎಳೆದುಕೊಂಡರೆ, ಭಾರ ಹೊತ್ತು ನಡೆಯುವವನು 40 ಲೀಟರಿಗೂ ಮಿಗಿಲಾಗಿ ಎಳೆದುಕೊಳ್ಳುತ್ತಾನೆ, ಅದೂ ಬಾಯಿಯ ಮೂಲಕ. ಮೂಗಿನ ಸೋಸುವಿಕೆ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಆದುದರಿಂದ ಲಾರಿಯ ಎಂಜಿನ್ ಚಾಲೂ ಇರುವಾಗಲೇ ಅದರ ಹಿಂಬದಿಯಿಂದ ಚೀಲ ಇಳಿಸುವ ಹಮಾಲನ ದೇಹವನ್ನು ಸೇರುವ ಹೊಗೆ, ಅಲ್ಲಿಯೇ ನಿಂತು ಎಣಿಕೆ ಬರೆಯುವ ಗುಮಾಸ್ತನಿಗಿಂತ ಐದಾರು ಪಟ್ಟು ಹೆಚ್ಚು.

ಇದರ ಮೇಲೆ ಧೂಮಪಾನದ ಹೊರೆ. 2016-17ರ ರಾಷ್ಟ್ರೀಯ ತಂಬಾಕು ಸಮೀಕ್ಷೆಯಂತೆ ದೇಶದ ವಯಸ್ಕ ಪುರುಷರಲ್ಲಿ ಶೇಕಡ 19 ಮಂದಿ ಧೂಮಪಾನಿಗಳು. ಸ್ತ್ರೀಯರಲ್ಲಿ ಶೇಕಡ 2. ಹೊರಗಿನ ಹೊಗೆ ಮತ್ತು ಬೀಡಿಯ ಹೊಗೆ ಎರಡೂ ಕೂಡಿದಾಗ ಶ್ವಾಸನಾಳಗಳು ಶಾಶ್ವತವಾಗಿ ಕಿರಿದಾಗುವ ರೋಗ, ಹೃದಯಾಘಾತ ಮತ್ತು ಶ್ವಾಸಕೋಶದ ಕ್ಯಾನ್ಸರ್‌ಗಳ ಸಂಭವ ಹೆಚ್ಚುತ್ತದೆ. ಮಾಲಿನ್ಯವು ಪುರುಷರ ವೀರ್ಯದ ಗುಣಮಟ್ಟವನ್ನು ಕುಂದಿಸುತ್ತದೆ ಎಂದು ಅನೇಕ ಅಧ್ಯಯನಗಳು ಸೂಚಿಸಿವೆ. ಸಂತಾನವಿಲ್ಲದ ದಂಪತಿಗಳಲ್ಲಿ ಸ್ತ್ರೀಯನ್ನು ಮಾತ್ರ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಸುವ ಕುಟುಂಬಗಳು ಇದನ್ನು ತಿಳಿದಿರುವುದು ಒಳಿತು. ಇನ್ನು ಕರ್ಕಶ ಹಾರ್ನುಗಳ ಸದ್ದು. ವಾಣಿಜ್ಯ ಪ್ರದೇಶದಲ್ಲಿ ಹಗಲಿಗೆ 65 ಡೆಸಿಬಲ್, ರಾತ್ರಿಗೆ 55 ಡೆಸಿಬಲ್ ಎಂಬ ಮಿತಿಯನ್ನು 2000ನೆಯ ಇಸವಿಯ ನಿಯಮಗಳು ಹಾಕಿವೆ. ದೀರ್ಘಕಾಲದ ಸದ್ದು ನಿದ್ರೆ ಕೆಡಿಸಿ ರಕ್ತದೊತ್ತಡವನ್ನು ಏರಿಸುತ್ತದೆ.

ಸ್ತ್ರೀಯರ ಮೇಲಿನ ಪರಿಣಾಮ

ಸ್ತ್ರೀಯರು ರಸ್ತೆಯ ಮೇಲೆ ಕಡಿಮೆ ಇರುತ್ತಾರೆ, ಆದುದರಿಂದ ಅವರಿಗೆ ಹಾನಿಯೂ ಕಡಿಮೆ ಎಂಬ ಭಾವನೆ ಇದೆ. ಈ ಭಾಗದ ಮಟ್ಟಿಗೆ ಇದು ಸರಿಯಲ್ಲ. ಇದಕ್ಕೆ ಮೂರು ಕಾರಣಗಳನ್ನು ಕೊಡಬಹುದು.

ಮೊದಲನೆಯದು ವಖಾರಿ. ನಿಪ್ಪಾಣಿಯ ಹೆಸರನ್ನು ದೇಶಕ್ಕೆಲ್ಲ ಪರಿಚಯಿಸಿದ್ದು ಬೀಡಿ ತಂಬಾಕು. ಒಣಗಿದ ತಂಬಾಕನ್ನು ಬಡಿಯುವ, ಜರಡಿ ಹಿಡಿಯುವ, ಬೇರ್ಪಡಿಸುವ ಕೆಲಸವನ್ನು ತಲೆಮಾರುಗಳಿಂದ ಸ್ತ್ರೀಯರೇ ನಿರ್ವಹಿಸಿದ್ದಾರೆ. ಮುಚ್ಚಿದ ಕೋಣೆಯಲ್ಲಿ ಏಳುವ ತಂಬಾಕಿನ ಧೂಳು ಕಣ್ಣು, ಚರ್ಮ, ಶ್ವಾಸನಾಳಗಳನ್ನು ಕೆರಳಿಸುತ್ತದೆ. ಅದರಲ್ಲಿನ ನಿಕೋಟಿನ್ ಒಂದೂ ಬೀಡಿ ಸೇದದವಳ ರಕ್ತವನ್ನು ಸಹ ಸೇರುತ್ತದೆ. 1980ರ ಸುಮಾರಿಗೆ ಇಲ್ಲಿನ ತಂಬಾಕು ಕಾರ್ಖಾನೆಗಳ ಸ್ತ್ರೀಯರು ಸಂಘಟಿತರಾಗಿ ಕೂಲಿಗೂ ಕೆಲಸದ ಸ್ಥಿತಿಗತಿಗಳಿಗೂ ಹೋರಾಡಿದರು. ಅವರ ಬದುಕನ್ನು ಯುಗಾಂತರ ಚಿತ್ರತಂಡವು 1982ರ ‘ತಂಬಾಕು ಚಾಕಿಲಾ ಊಬ್ ಆಲಿ’ ಎಂಬ ಸಾಕ್ಷ್ಯಚಿತ್ರದಲ್ಲಿ ದಾಖಲಿಸಿತು. ವಾಯುಮಾಲಿನ್ಯ ಎಂಬ ಪದ ಪತ್ರಿಕೆಗಳ ಮುಖಪುಟಕ್ಕೆ ಬರುವ ಬಹಳ ಮೊದಲೇ ಗಾಳಿಯ ಪ್ರಶ್ನೆ ಈ ಊರಿನಲ್ಲಿ ದುಡಿಮೆಯ ಪ್ರಶ್ನೆಯಾಗಿತ್ತು ಎಂಬುದು ಗಮನಾರ್ಹ. ಬೀಡಿ ಕಟ್ಟುವ ಕೆಲಸ ಮನೆಗಳಿಗೆ ವರ್ಗವಾದಾಗ ಧೂಳು ಕೂಡ ಮನೆಗೆ ವರ್ಗವಾಗುತ್ತದೆ. ಅಲ್ಲಿ ಮಕ್ಕಳೂ ಮಲಗಿರುತ್ತಾರೆ.

ಎರಡನೆಯದು ಅಡಿಗೆಮನೆ. 2016ರ ಮೇ 1ರಂದು ಆರಂಭವಾದ ಉಜ್ವಲಾ ಯೋಜನೆಯಿಂದ ಅನಿಲದ ಒಲೆ ಬಡ ಮನೆಗಳನ್ನೂ ತಲುಪಿತು. ಆದರೂ ಸಿಲಿಂಡರ್ ಉಳಿಸುವ ಸಲುವಾಗಿ ರೊಟ್ಟಿ ಬೇಯಿಸಲು ಕಟ್ಟಿಗೆಯ ಒಲೆ, ಸ್ನಾನದ ನೀರಿಗೆ ಬಚ್ಚಲೊಲೆ, ಅದಕ್ಕೆ ಕುಳ್ಳು, ರವದಿ, ಹತ್ತಿಕಟ್ಟಿಗೆ ಉರಿಸುವ ರೂಢಿ ಹಳ್ಳಿಗಳಲ್ಲಿ ಇನ್ನೂ ಇದೆ. ಎಂದೂ ಧೂಮಪಾನ ಮಾಡದ ಗ್ರಾಮೀಣ ಸ್ತ್ರೀಯರಲ್ಲಿ ಶ್ವಾಸನಾಳ ಕಿರಿದಾಗುವ ರೋಗಕ್ಕೆ ಒಲೆಯ ಹೊಗೆ ಪ್ರಮುಖ ಕಾರಣವೆಂದು ವೈದ್ಯಶಾಸ್ತ್ರ ಗುರುತಿಸಿದೆ. ಕಬ್ಬಿನ ಕಟಾವಿಗೆ ಬರುವ ಗುಂಪುಗಳಲ್ಲಿ ಈ ಎರಡೂ ಹೊರೆಗಳು ಒಬ್ಬಳ ಮೇಲೆಯೇ ಬೀಳುತ್ತವೆ: ನಸುಕಿನಲ್ಲಿ ಗುಡಿಸಲ ಒಲೆ, ಹಗಲು ಹೊಲದ ಧೂಳು, ಸಂಜೆ ಟ್ರ್ಯಾಕ್ಟರಿಗೆ ಕಬ್ಬು ಹೇರುವಾಗ ಡೀಸೆಲ್ ಹೊಗೆ.

ಮೂರನೆಯದು ದೇಹರಚನೆ. ಶ್ವಾಸಕೋಶದ ಗಾತ್ರ ಸಮನಾಗಿದ್ದರೂ ಸ್ತ್ರೀಯರ ಶ್ವಾಸನಾಳಗಳು ಪುರುಷರವುಗಳಿಗಿಂತ ಕಿರಿದು. ಹೀಗಾಗಿ ಅಷ್ಟೇ ಧೂಳಿಗೆ ಹೆಚ್ಚಿನ ಅಡಚಣೆ ಆಗಬಹುದು. ಇದರೊಡನೆ ರಕ್ತಹೀನತೆಯನ್ನೂ ಪರಿಗಣಿಸಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 15ರಿಂದ 49 ವರ್ಷದ ಸ್ತ್ರೀಯರಲ್ಲಿ ಶೇಕಡ 57 ಮಂದಿಗೆ ರಕ್ತಹೀನತೆ ಇದೆ. ವಾಹನದ ಮತ್ತು ಒಲೆಯ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ರಕ್ತದ ಹಿಮೋಗ್ಲೋಬಿನ್‌ಗೆ ಅಂಟಿಕೊಂಡು ಆಮ್ಲಜನಕದ ಸ್ಥಾನವನ್ನು ಆಕ್ರಮಿಸುತ್ತದೆ. ಬಂಡವಾಳವೇ ಕಡಿಮೆ ಇರುವ ಅಂಗಡಿಯಲ್ಲಿ ಇನ್ನೊಬ್ಬ ಪಾಲುದಾರ ಬಂದು ಕುಳಿತಂತೆ ಇದು. ದಣಿವು, ತಲೆಸುತ್ತು, ಏದುಸಿರುಗಳನ್ನು ಸ್ತ್ರೀಯರು ಸಹಜವೆಂದೇ ಭಾವಿಸಿ ಸಹಿಸುತ್ತಾರೆ. ಗರ್ಭಿಣಿಯರಲ್ಲಿ ಪರಿಣಾಮ ಎರಡು ಜೀವಗಳಿಗೆ ತಟ್ಟುತ್ತದೆ. ಸೂಕ್ಷ್ಮ ಕಣಗಳ ಪ್ರಮಾಣ ಹೆಚ್ಚಿದಲ್ಲಿ ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಶಿಶುಗಳು ಮತ್ತು ಅವಧಿಗೆ ಮುನ್ನ ಆಗುವ ಹೆರಿಗೆಗಳು ಹೆಚ್ಚುತ್ತವೆಂದು ಅನೇಕ ದೇಶಗಳ ಅಧ್ಯಯನಗಳು ತೋರಿಸಿವೆ.

ಕೆಳಗೆ ಅಂಗಡಿ, ಮೇಲೆ ಮನೆ

ಈ ವಿಷಯ ಕೇವಲ ಕಾರ್ಮಿಕರಿಗೆ ಸಂಬಂಧಿಸಿದ್ದಲ್ಲ. ಚಿಕ್ಕೋಡಿ, ಅಥಣಿ, ನಿಪ್ಪಾಣಿಗಳ ಹಳೆಯ ಪೇಟೆಗಳಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ ಎಂಬ ಕಟ್ಟಡಗಳು ಅನೇಕ. ಮಾಲೀಕರು ಬೆಳಗಿನಿಂದ ರಾತ್ರಿಯವರೆಗೆ ರಸ್ತೆಗೆ ಮುಖ ಮಾಡಿ ಗಾದಿಯ ಮೇಲೆ ಕುಳಿತಿರುತ್ತಾರೆ; ಮೇಲಿನ ಕಿಟಕಿಯಿಂದ ಅದೇ ಗಾಳಿ ತಾಯಂದಿರನ್ನೂ ಮೊಮ್ಮಕ್ಕಳನ್ನೂ ತಲುಪುತ್ತದೆ. ಬೆಳಿಗ್ಗೆ ಬಾಗಿಲು ತೆರೆದೊಡನೆ ಒಣ ಕಸಬರಿಗೆಯಿಂದ ಧೂಳೆಬ್ಬಿಸುವುದು, ರಟ್ಟು ಮತ್ತು ಪ್ಲಾಸ್ಟಿಕ್ ಚೀಲಗಳನ್ನು ಗಟಾರದ ಪಕ್ಕದಲ್ಲಿ ಸುಡುವುದು, ವಿದ್ಯುತ್ ಹೋದಾಗ ಜನರೇಟರನ್ನು ಬಾಗಿಲ ಬಳಿಯೇ ಚಾಲೂ ಮಾಡುವುದು ಇವು ಹೆದ್ದಾರಿಯ ಹೊಗೆಯಲ್ಲ. ಪೇಟೆಯೇ ಪೇಟೆಗೆ ಕೊಡುವ ಹೊಗೆ.

2019ರ ಜನವರಿಯಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಕರ್ನಾಟಕದಿಂದ ಸೇರಿದವು ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ ಮತ್ತು ಕಲಬುರಗಿ. ಈ ಐದು ತಾಲೂಕುಗಳ ಯಾವ ಪಟ್ಟಣವೂ ಅದರಲ್ಲಿಲ್ಲ. ಆದುದರಿಂದ ಅನುದಾನವನ್ನು ಕಾಯುತ್ತ ಕುಳಿತರೆ ಕೆಲಸವಾಗದು. ಸ್ಥಳೀಯ ವ್ಯಾಪಾರಸ್ಥರೇ ಮೊದಲ ಹೆಜ್ಜೆ ಇಡಬೇಕಾಗುತ್ತದೆ.

ಕೀರ್ದಿ-ಖತಾವಣಿಯಲ್ಲಿ ಕಾಣದ ವೆಚ್ಚ

ಯಂತ್ರ ಸವೆಯುತ್ತದೆಂದು ಪ್ರತಿವರ್ಷ ಸವಕಳಿ ತೆಗೆಯಲಾಗುತ್ತದೆ. ಯಂತ್ರ ನಡೆಸುವವನ ಶ್ವಾಸಕೋಶದ ಸವಕಳಿಗೆ ಯಾವ ಖಾತೆಯೂ ಇಲ್ಲ. ಆದರೂ ಖರ್ಚು ಆಗಿಯೇ ಆಗುತ್ತದೆ, ಬೇರೆ ಹೆಸರುಗಳಲ್ಲಿ: ಗೈರುಹಾಜರಿ, ಮುಂಗಡ, ಅರ್ಧಕ್ಕೆ ನಿಂತ ಕೆಲಸ, ಮಿರಜ ಅಥವಾ ಕೊಲ್ಲಾಪುರದ ಆಸ್ಪತ್ರೆಗೆ ಹೋಗಲು ಕೇಳಿದ ಕೈಗಡ.

ಉದಾಹರಣೆಗೆ, ಎಂಟು ಮಂದಿ ಕೆಲಸಗಾರರಿರುವ ಒಂದು ಸಂಸ್ಥೆಯಲ್ಲಿ ಪ್ರತಿಯೊಬ್ಬರೂ ಹಂಗಾಮಿನಲ್ಲಿ ಕೆಮ್ಮು-ದಮ್ಮಿನಿಂದ ಆರು ದಿನ ಬರಲಿಲ್ಲವೆಂದು ಇಟ್ಟುಕೊಂಡರೆ 48 ದಿನಗಳ ದುಡಿಮೆ ನಷ್ಟ. ದಿನಕ್ಕೆ 500 ರೂಪಾಯಿಯ ಬದಲಿ ಆಳನ್ನು ಹಿಡಿದರೂ 24,000 ರೂಪಾಯಿ. ಇನ್ನೊಂದು ಲೆಕ್ಕ: ನಿಂತಲ್ಲಿಯೇ ಎಂಜಿನ್ ಚಾಲೂ ಇಟ್ಟ ಲಾರಿ ಗಂಟೆಗೆ ಸುಮಾರು 2ರಿಂದ 3 ಲೀಟರ್ ಡೀಸೆಲ್ ಸುಡುತ್ತದೆ. ದಿನಕ್ಕೆ ಅರ್ಧ ಗಂಟೆಯಂತೆ ಒಂದು ಲೀಟರ್, ವರ್ಷಕ್ಕೆ 300 ದಿನ, ಲೀಟರಿಗೆ 90 ರೂಪಾಯಿ ಎಂದು ಹಿಡಿದರೆ ಒಂದು ವಾಹನಕ್ಕೆ 27,000 ರೂಪಾಯಿ ಹೊಗೆಯಾಗಿ ಹೋಗುತ್ತದೆ. ಆ ಹೊಗೆ ಸೇರುವುದು ಇಳಿಸುವ ಹಮಾಲನ ಎದೆಗೆ. ಅಂದರೆ ಒಂದೇ ತಪ್ಪಿಗೆ ಎರಡು ಬಾರಿ ದಂಡ. ಮನೆಯ ಸ್ತ್ರೀ ಕಾಯಿಲೆ ಬಿದ್ದಾಗ ಆಗುವ ನಷ್ಟವಂತೂ ಯಾವ ಲೆಕ್ಕದಲ್ಲೂ ಸಿಗುವುದಿಲ್ಲ. ಆಕೆಯ ದುಡಿಮೆಗೆ ಪಗಾರದ ಪುಸ್ತಕವೇ ಇಲ್ಲ.

ಕಾನೂನಿನ ಹೊಣೆ

2025ರ ನವೆಂಬರ್ 21ರಿಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ, 2020 ಜಾರಿಗೆ ಬಂದಿದೆ. 1948ರ ಕಾರ್ಖಾನೆಗಳ ಕಾಯ್ದೆ ಮತ್ತು 1966ರ ಬೀಡಿ ಹಾಗೂ ಸಿಗಾರ್ ಕಾರ್ಮಿಕರ ಕಾಯ್ದೆಗಳು ಇದರಲ್ಲಿ ವಿಲೀನಗೊಂಡಿವೆ. ಕೆಲಸದ ಸ್ಥಳದಲ್ಲಿ ಗಾಳಿ-ಬೆಳಕು, ಧೂಳು ಮತ್ತು ಹೊಗೆಯ ನಿವಾರಣೆ ಮಾಲೀಕರ ಹೊಣೆಯಾಗಿ ಮುಂದುವರಿದಿದೆ. ಜೊತೆಗೆ, ವ್ಯಾಪ್ತಿಗೆ ಬರುವ ಸಂಸ್ಥೆಗಳಲ್ಲಿ 40 ವರ್ಷ ಮೀರಿದ ಕಾರ್ಮಿಕರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆಯ ಅವಕಾಶ ಕಲ್ಪಿಸಲಾಗಿದೆ. ಹತ್ತು ಅಥವಾ ಹೆಚ್ಚು ಮಂದಿ ಇರುವ ಸಂಸ್ಥೆಗಳಿಗೆ ಇಎಸ್‌ಐ ಅನ್ವಯಿಸುತ್ತದೆ. 2019ರ ಜುಲೈಯಿಂದ ಮಾಲೀಕರ ವಂತಿಗೆ ವೇತನದ ಶೇಕಡ 3.25, ಕಾರ್ಮಿಕರದು ಶೇಕಡ 0.75. ವಂತಿಗೆ ಉಳಿಸಲೆಂದು ಹಾಜರಿ ಪುಸ್ತಕದಲ್ಲಿ ಒಂಬತ್ತೇ ಹೆಸರು ಬರೆಯುವವರು ಒಂದು ದೊಡ್ಡ ಚಿಕಿತ್ಸೆಯ ಬಿಲ್ಲಿನೆದುರು ಆ ಉಳಿತಾಯವನ್ನು ಇಟ್ಟು ನೋಡಬೇಕು. ಮಾಲೀಕರ ಕುಟುಂಬಕ್ಕೆ ಸಂಬಂಧಿಸಿದಂತೆ, ವೈಯಕ್ತಿಕ ಆರೋಗ್ಯ ವಿಮೆಯ ಕಂತಿನ ಮೇಲಿನ ಜಿಎಸ್‌ಟಿಯನ್ನು 2025ರ ಸೆಪ್ಟೆಂಬರ್ 22ರಿಂದ ರದ್ದುಪಡಿಸಲಾಗಿದೆ. ಮನೆಯ ಸ್ತ್ರೀಯರ ಹೆಸರೂ ಪಾಲಿಸಿಯಲ್ಲಿದೆಯೇ ಎಂದು ಈ ನೆಪದಲ್ಲಿ ನೋಡಿಕೊಳ್ಳುವುದು ಸೂಕ್ತ.

ಕೈಗೊಳ್ಳಬಹುದಾದ ಕ್ರಮಗಳು

1. ಸರಕು ಏರಿಸುವಾಗ ಮತ್ತು ಇಳಿಸುವಾಗ ಎಂಜಿನ್ ಬಂದ್ ಎಂಬ ಫಲಕವನ್ನು ಪ್ರತಿ ಗೋದಾಮಿನ ಬಾಗಿಲಿಗೆ ಹಾಕಿ ಪಾಲಿಸಬೇಕು. ಇದಕ್ಕೆ ಖರ್ಚಿಲ್ಲ, ಉಳಿತಾಯವೇ ಇದೆ.

2. ಬಾಡಿಗೆ ವಾಹನಗಳನ್ನು ಗೊತ್ತುಪಡಿಸುವಾಗ ಹೊಗೆ ತಪಾಸಣೆಯ ಪ್ರಮಾಣಪತ್ರವನ್ನು ವಿಮೆಯ ಕಾಗದದೊಡನೆ ಕೇಳಬೇಕು. ಗಾಳಿಯ ಸೋಸುಕ ಮತ್ತು ಇಂಜೆಕ್ಟರುಗಳ ಸಕಾಲಿಕ ನಿರ್ವಹಣೆ ಇಂಧನವನ್ನೂ ಉಳಿಸುತ್ತದೆ.

3. ವಖಾರಿ, ಹಿಟ್ಟಿನ ಗಿರಣಿ, ಖಾರ-ಅರಿಸಿನ ಕುಟ್ಟುವ ಘಟಕಗಳಲ್ಲಿ ಧೂಳು ಏಳುವ ಜಾಗದಲ್ಲಿಯೇ ಅದನ್ನು ಎಳೆದುಕೊಳ್ಳುವ ನಿರ್ಗಮನ ಫ್ಯಾನ್ ಇರಬೇಕು. ಗೋಡೆಯ ಮೂಲೆಯಲ್ಲಿ ಹೆಸರಿಗೊಂದು ಫ್ಯಾನ್ ತಿರುಗಿದರೆ ಸಾಲದು.

4. ಮೂಗಿಗೆ ಕಟ್ಟುವ ಸೆರಗು ಅಥವಾ ಕರವಸ್ತ್ರ ಸೂಕ್ಷ್ಮ ಕಣಗಳನ್ನು ತಡೆಯಲಾರದು. ಎನ್-95 ದರ್ಜೆಯ ಮುಖಗವಸುಗಳನ್ನು ಸಂಸ್ಥೆಯೇ ಒದಗಿಸಬೇಕು, ಸ್ತ್ರೀಯರ ಮುಖದ ಅಳತೆಗೆ ಹೊಂದುವಂಥವು. ಅಂಚಿನಲ್ಲಿ ಸಂದು ಉಳಿದರೆ ಉಪಯೋಗವಿಲ್ಲ.

5. ಅಂಗಡಿಯ ಮುಂಭಾಗಕ್ಕೆ ನೀರು ಚಿಮುಕಿಸಿ ಗುಡಿಸುವುದು; ರಟ್ಟು, ಪ್ಲಾಸ್ಟಿಕ್‌ಗಳನ್ನು ಸುಡದೆ ರದ್ದಿಯವರಿಗೆ ಕೊಡುವುದು.

6. ವಾರ್ಷಿಕ ಆರೋಗ್ಯ ತಪಾಸಣೆಯಲ್ಲಿ ರಕ್ತದೊತ್ತಡ ಮತ್ತು ಸಕ್ಕರೆಯ ಜೊತೆಗೆ ಸ್ಪೈರೊಮೆಟ್ರಿ ಎಂಬ ಊದುವ ಪರೀಕ್ಷೆಯನ್ನೂ, ಸ್ತ್ರೀಯರಿಗೆ ಹಿಮೋಗ್ಲೋಬಿನ್ ಪರೀಕ್ಷೆಯನ್ನೂ ಸೇರಿಸಬೇಕು. ಗರ್ಭಿಣಿಯರನ್ನು ಧೂಳಿನ ಕೆಲಸದಿಂದ ಕೂಲಿ ಕಡಿತವಿಲ್ಲದೆ ಬೇರೆ ಕೆಲಸಕ್ಕೆ ಬದಲಿಸಬೇಕು.

7. ಹಂಗಾಮಿನಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಪೇಟೆಯೊಳಗೆ ಬಾರದಂತೆ ಹೊರವಲಯದ ಮಾರ್ಗವನ್ನೂ, ಶಾಲೆ ಬಿಡುವ ಹೊತ್ತಿಗೆ ಭಾರೀ ವಾಹನಗಳ ನಿರ್ಬಂಧವನ್ನೂ ಗೊತ್ತುಪಡಿಸುವಂತೆ ವ್ಯಾಪಾರಿ ಸಂಘಗಳು ಸಕ್ಕರೆ ಕಾರ್ಖಾನೆಗಳು, ಪುರಸಭೆ ಮತ್ತು ಪೊಲೀಸ್ ಇಲಾಖೆಗಳೊಡನೆ ಹಂಗಾಮಿಗೆ ಮೊದಲೇ ಸಭೆ ನಡೆಸಬೇಕು. ಟ್ರಾಲಿಗಳ ಸಾಲು ಎದುರಿಗೆ ನಿಂತ ಮೇಲೆ ಮಾಡುವ ಮನವಿಗೆ ಫಲವಿರುವುದಿಲ್ಲ.

ಇವುಗಳಲ್ಲಿ ಮೊದಲನೆಯ ಮತ್ತು ಐದನೆಯ ಕ್ರಮಗಳನ್ನು ನಾಳೆಯೇ ಆರಂಭಿಸಬಹುದು. ಮೂರನೆಯದಕ್ಕೆ ಸ್ವಲ್ಪ ಬಂಡವಾಳ ಬೇಕು. ಏಳನೆಯದಕ್ಕೆ ಒಗ್ಗಟ್ಟು ಬೇಕು. ಐದೂ ತಾಲೂಕುಗಳ ವ್ಯಾಪಾರಸ್ಥರು ಒಂದೇ ಕಬ್ಬಿನ ಹಂಗಾಮನ್ನು, ಒಂದೇ ರಸ್ತೆಜಾಲವನ್ನು ಹಂಚಿಕೊಂಡಿರುವುದರಿಂದ ಒಗ್ಗಟ್ಟಿಗೆ ಆಧಾರವಂತೂ ಇದೆ. ಹೊಗೆ ತಪಾಸಣೆಯ ಚೀಟಿ ವಾಹನಕ್ಕೆ ಉಂಟು. ಆ ವಾಹನದ ಸರಕನ್ನು ಇಳಿಸುವವನಿಗೂ, ವಖಾರಿಯಲ್ಲಿ ಅದನ್ನು ಜರಡಿ ಹಿಡಿಯುವವಳಿಗೂ ವರ್ಷಕ್ಕೊಂದು ತಪಾಸಣೆ ದೊರೆಯುವಂತೆ ಮಾಡುವುದು ಈ ಹಂಗಾಮಿನಲ್ಲಿಯೇ ಸಾಧ್ಯವಿರುವ ಕೆಲಸ. ಅದರ ವೆಚ್ಚವನ್ನು ಲೆಕ್ಕ ಹಾಕುವವರು, ಅದನ್ನು ಮಾಡದಿದ್ದರೆ ಆಗುವ ವೆಚ್ಚವನ್ನೂ ಎದುರಿನ ಬದಿಯಲ್ಲಿ ಬರೆದು ನೋಡಲಿ.